ಆಲ್ಬಮ್ಮಿನಲ್ಲಿ ಇಲ್ಲದ ಸುಳಿ

ನನ್ನ ತಲೆಮಾರಿನವರ ಮನೆಗಳಲ್ಲಿ ಉಳಿದಿರುವ ಹಳೆಯ ಆಲ್ಬಮ್ಮುಗಳನ್ನು ಈಗ ಸಾವಧಾನವಾಗಿ ತಿರುವಿದರೆ ಹೆಚ್ಚಾಗಿ ಕಾಣುವುದು ಎರಡು ಬಗೆಯ ಚಿತ್ರಗಳು. ಮೊದಲನೆಯದು ಊರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಬಣ್ಣ ಬಳಿದ ಪರದೆ, ಅದರ ಮುಂದೆ ಕುರ್ಚಿ, ಕುರ್ಚಿಯಲ್ಲಿ ಹಿರಿಯರು, ಪಕ್ಕಕ್ಕೆ ಹೂದಾನಿಯ ಸ್ಟ್ಯಾಂಡು. ಸೀರೆಯ ಅಂಚಿನ ಎಳೆಗಳನ್ನು ಎಣಿಸಬಹುದು ಎನ್ನುವಷ್ಟು ಸ್ಪಷ್ಟ. ಎರಡನೆಯದು ಆಗ್ಫಾ ಕ್ಲಿಕ್ 3ರಂಥ ಅಗ್ಗದ ಕ್ಯಾಮೆರಾದಲ್ಲಿ ಮನೆಯವರೇ ಅಂಗಳದಲ್ಲಿ ನಿಂತು ತೆಗೆದದ್ದು. ಚೌಕದ ಪುಟ್ಟ ಪ್ರಿಂಟು, ನಡುವೆ ಒಂದಿಷ್ಟು ಚೂಪು, ಮೂಲೆಗಳತ್ತ ಮಂಕು, ಹಿಂದಿನ ತೆಂಗಿನ ಮರ ಮುಂದಿನ ಮಕ್ಕಳಷ್ಟೇ ಸ್ಪಷ್ಟ. ಮುಖದ ಸುತ್ತ ಎಲೆಗಳ ಬೆಳಕು ಸುಳಿಯಾಗಿ ತಿರುಗುವುದು, ಹಿನ್ನೆಲೆಯ ದೀಪಗಳು ಸೋಪಿನ ಗುಳ್ಳೆಗಳಾಗುವುದು, ಬಿಸಿಲು ಲೆನ್ಸಿನೊಳಗೆ ನುಗ್ಗಿ ಇಡೀ ಚಿತ್ರ ಹಾಲಿನ ಬಣ್ಣಕ್ಕೆ ತಿರುಗುವುದು, ಇವು ಯಾವುವೂ ಆ ಪುಟಗಳಲ್ಲಿ ಇಲ್ಲ. ಇವತ್ತು ಹಳೆಯ ಲೆನ್ಸುಗಳನ್ನು ಹುಡುಕಿ ಕೊಳ್ಳುವವರು ‘ವಿಂಟೇಜ್ ಲುಕ್’ ಎಂದು ಬಯಸುವುದು ಇವುಗಳನ್ನೇ. ಬಹಳ ವರ್ಷ ಹಳೆಯ ಲೆನ್ಸುಗಳನ್ನೇ ಬಳಸಿದ ಮೇಲೆ, ಹಳೆಯ ಚಿತ್ರಗಳನ್ನು ನೋಡುತ್ತ ಬೆಳೆದ ನೆನಪನ್ನೂ ಅದರ ಪಕ್ಕದಲ್ಲಿ ಇಟ್ಟು ನೋಡಿದ ಮೇಲೆ, ನನಗೆ ಖಚಿತವಾಗಿರುವುದು ಇಷ್ಟು: ಈ ನೋಟ ಹಿಂದಿನವರು ಕಂಡ ನೋಟವಲ್ಲ. ಹಿಂದಿನ ಗಾಜು ಇಂದಿನ ಕ್ಯಾಮೆರಾದ ಮುಂದೆ ಕೂತಾಗ ಮೊದಲ ಬಾರಿಗೆ ಧಾರಾಳವಾಗಿ ಒದಗಿದ ಹೊಸ ನೋಟ. ಹೀಗೆ ಒಪ್ಪಿಕೊಂಡರೆ ಆ ಲೆನ್ಸುಗಳ ಬೆಲೆಯೇನೂ ತಗ್ಗುವುದಿಲ್ಲ. ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದು ಮಾತ್ರ ತಿಳಿಯಾಗುತ್ತದೆ.

ಈ ಮಾತಿಗೆ ಆಧಾರ ಸರಳವಾದ ಲೆಕ್ಕದಲ್ಲಿದೆ. ವಿಂಟೇಜ್ ಲುಕ್ ಎಂದೊಡನೆ ಮೊದಲು ಬಾಯಿಗೆ ಬರುವ ಹೆಸರು ಹೀಲಿಯೋಸ್ 44-2. ಸೋವಿಯತ್ ಒಕ್ಕೂಟದಲ್ಲಿ ತಯಾರಾದ 58 ಮಿಲಿಮೀಟರ್, ಎಫ್/2 ಲೆನ್ಸು. ಜೆನಿಟ್ ಕ್ಯಾಮೆರಾಗಳ ಜೊತೆಗೆ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಲೋಕವೆಲ್ಲ ಸುತ್ತಿದ್ದು. ಅದರ ಸುಳಿ ಕಾಣಬೇಕಾದರೆ ಅಪರ್ಚರನ್ನು ಎಫ್/2ಕ್ಕೆ ಪೂರ್ತಿ ತೆರೆಯಬೇಕು. ಈಗ ಆ ಕಾಲದ ಛಾಯಾಗ್ರಾಹಕನ ಜಾಗದಲ್ಲಿ ನಿಂತು ನೋಡೋಣ. ಫಿಲ್ಮ್ ಡಬ್ಬಿಯ ಮೇಲಿನ ಸೂಚನೆ ಹೇಳುತ್ತಿದ್ದ ನಿಯಮ ಎಲ್ಲರಿಗೂ ಬಾಯಿಪಾಠ: ಚೆನ್ನಾಗಿ ಬಿಸಿಲಿದ್ದರೆ ಎಫ್/16 ಇಟ್ಟು, ಫಿಲ್ಮಿನ ವೇಗದ ಅಂಕಿಯನ್ನೇ ಷಟರಿನ ಅಂಕಿಯಾಗಿ ಹಿಡಿ. 100 ವೇಗದ ಫಿಲ್ಮಾದರೆ ಸೆಕೆಂಡಿನ ನೂರನೆಯ ಒಂದು ಭಾಗ. ಎಫ್/16ರಿಂದ ಎಫ್/2ಕ್ಕೆ ಬಂದರೆ ಆರು ಸ್ಟಾಪು, ಅಂದರೆ 64 ಪಟ್ಟು ಹೆಚ್ಚು ಬೆಳಕು. ಅದನ್ನು ಸರಿದೂಗಿಸಲು ಸೆಕೆಂಡಿನ 6400ನೆಯ ಒಂದು ಭಾಗದ ಷಟರ್ ಬೇಕು. ಜೆನಿಟ್-ಇ ಕ್ಯಾಮೆರಾದ ಅತಿ ವೇಗದ ಷಟರ್ 500ನೆಯ ಒಂದು ಭಾಗ. ಫಿಲ್ಮಿನ ಮೇಲೆ ಬೀಳಬೇಕಾದ ಬೆಳಕಿನ ಸುಮಾರು ಹದಿಮೂರು ಪಟ್ಟು ಬೀಳುತ್ತಿತ್ತು. 25ರ ನಿಧಾನದ ಫಿಲ್ಮ್ ಹಾಕಿದರೂ 1600ನೆಯ ಒಂದು ಭಾಗ ಬೇಕಿತ್ತು, ಅದೂ ಇರಲಿಲ್ಲ. ಹೆಚ್ಚು ಬೆಲೆಯ ಲೈಕಾ ಎಂ3, ನಿಕಾನ್ ಎಫ್ ಕ್ಯಾಮೆರಾಗಳ ಷಟರ್ ಕೂಡ 1000ಕ್ಕೆ ನಿಲ್ಲುತ್ತಿತ್ತು. ಹೀಗಾಗಿ ಬಿಸಿಲಿನಲ್ಲಿ ಜೆನಿಟ್ ಹಿಡಿದವನಿಗೆ 100ರ ಫಿಲ್ಮಿನಲ್ಲಿ ದಕ್ಕುತ್ತಿದ್ದ ಅತಿ ದೊಡ್ಡ ಅಪರ್ಚರ್ ಎಫ್/8. ಎಫ್/8ರಲ್ಲಿ ಹೀಲಿಯೋಸ್ ಅತ್ಯಂತ ಶಿಸ್ತಿನ, ಮೂಲೆಯವರೆಗೂ ಚೂಪಾದ ಲೆನ್ಸು. ಸುಳಿಯ ಸುಳಿವೂ ಇರುವುದಿಲ್ಲ.

ಮರದ ನೆರಳಿನಲ್ಲಿ, ಸಂಜೆಯಲ್ಲಿ, ಮನೆಯೊಳಗೆ ಎಫ್/2 ಸಾಧ್ಯವಿತ್ತಲ್ಲ ಎಂದು ಕೇಳಬಹುದು. ಇತ್ತು, ಮತ್ತು ಅಂಥ ಚಿತ್ರಗಳೂ ಇವೆ. ಆದರೆ ಆಗಿನ ತಿಳಿವಳಿಕೆ ಅದನ್ನು ಅನಿವಾರ್ಯದ ದಾರಿಯಾಗಿ ಮಾತ್ರ ನೋಡುತ್ತಿತ್ತು. ಬೆಳಕು ಸಾಲದಿದ್ದರೆ ತೆರೆ, ಸಾಲುತ್ತಿದ್ದರೆ ಮುಚ್ಚು. ಮದುವೆಗೆ ಬರುತ್ತಿದ್ದವರ ಯಾಷಿಕಾ, ಸ್ಥಿತಿವಂತರ ರೋಲೈಫ್ಲೆಕ್ಸ್, ಎರಡರಲ್ಲೂ ಎಫ್/3.5ರ ನಾಲ್ಕು ಗಾಜಿನ ಲೆನ್ಸುಗಳು ಸಾಮಾನ್ಯ. ಅವನ್ನೂ ಎಫ್/8, ಎಫ್/11ಕ್ಕೆ ಮುಚ್ಚಿ, ಫ್ಲಾಶ್ ಹಾಕಿ ಬಳಸುತ್ತಿದ್ದರು. ಒಂದು ರೀಲಿಗೆ ಹನ್ನೆರಡೇ ಚಿತ್ರ ಸಿಗುವಾಗ ಚಿಕ್ಕಪ್ಪನ ಕಿವಿ ಫೋಕಸ್ ತಪ್ಪುವುದನ್ನು ಯಾರೂ ಬಯಸುತ್ತಿರಲಿಲ್ಲ. ಇವತ್ತಿನ ಕ್ಯಾಮೆರಾಗಳಲ್ಲಿ 8000ನೆಯ ಒಂದು ಭಾಗದ ಷಟರ್ ಮಾಮೂಲು, ಎಲೆಕ್ಟ್ರಾನಿಕ್ ಷಟರ್ ಅದಕ್ಕೂ ಆಚೆ ಹೋಗುತ್ತದೆ. ನಡುಹಗಲಿನಲ್ಲಿ ಹೀಲಿಯೋಸನ್ನು ಎಫ್/2ಕ್ಕೆ ತೆರೆದು, ಹೊಂಗೆ ಮರದ ಎಲೆಗಳ ಸಂದಿಯ ಬಿಸಿಲಿನೆದುರು ಹಿಡಿಯುವುದು ಈಗ ಯಾರಿಗೂ ಸಾಧ್ಯ. ಆ ಲೆನ್ಸನ್ನು ರೂಪಿಸಿದವರು ಅದರಿಂದ ಹಾಗೆ ತೆಗೆದ ಚಿತ್ರಗಳನ್ನು ನೋಡಿದ್ದು ತೀರಾ ಕಡಿಮೆಯಿರಬೇಕು.

ಹಾಗಾದರೆ ಆಲ್ಬಮ್ಮುಗಳ ಹಳೆಯತನ ಎಲ್ಲಿಂದ ಬಂತು? ಬಹುಪಾಲು ಲೆನ್ಸಿನಾಚೆಯಿಂದ. ಹಿಂದಿನ ಆರ್ಥೋಕ್ರೊಮ್ಯಾಟಿಕ್ ಫಿಲ್ಮು, ಪ್ಲೇಟುಗಳಿಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಆದ್ದರಿಂದ ತುಟಿ, ಕುಂಕುಮ, ಎಲೆಅಡಿಕೆಯ ಕೆಂಪು ಎಲ್ಲ ಕಪ್ಪಾಗಿ, ನೀಲಿ ಆಕಾಶ ಬಿಳಿಯಾಗಿ ಬರುತ್ತಿತ್ತು. ಸ್ಟುಡಿಯೋದವರು ನೆಗೆಟಿವ್ ಮೇಲೆ ಸೀಸದ ಕಡ್ಡಿಯಿಂದ ಗೀರಿ ಮುಖದ ಸುಕ್ಕು ಅಳಿಸುತ್ತಿದ್ದರು, ಪ್ರಿಂಟಿನ ಮೇಲೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ದೊಡ್ಡ ನೆಗೆಟಿವ್‌ನಿಂದ ಅದೇ ಅಳತೆಯ ಪ್ರಿಂಟು ತೆಗೆದಾಗ ಬರುವ ನಯ ಬೇರೆ. ಕಾಗದದ ಬೆಳ್ಳಿ ವರ್ಷಗಳು ಕಳೆದಂತೆ ಮಾಸಿದ್ದು ಬೇರೆ. ಎಲ್ಲಕ್ಕಿಂತ ಹೆಚ್ಚಾಗಿ ಬೆಳಕು. ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿ 1959ರ ‘ಕಾಗಜ್ ಕೇ ಫೂಲ್’ ಚಿತ್ರದಲ್ಲಿ, ಖಾಲಿ ಸ್ಟುಡಿಯೋದ ಕತ್ತಲೆಯೊಳಗೆ ಇಳಿಸಿದ ಆ ಬೆಳಕಿನ ಕೋಲನ್ನು ನೋಡಿದವರಾರೂ ಮರೆಯಲಾರರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು, ಲೆನ್ಸುಗಳು ಆ ಕಾಲಕ್ಕೆ ಹೊಚ್ಚ ಹೊಸವು. ಆದರೆ ಆ ದೃಶ್ಯದ ಶಕ್ತಿ ಹುಟ್ಟಿದ್ದು ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಕ್ಕೆ ತಿರುಗಿಸಿದ ಉಪಾಯದಿಂದ. ಸ್ಟಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ಗೆ ನಾಸಾಗಾಗಿ ತಯಾರಾಗಿದ್ದ ಜೈಸ್ ಪ್ಲ್ಯಾನರ್ ಎಫ್/0.7 ಲೆನ್ಸನ್ನು ಹೊಂದಿಸಿಕೊಂಡದ್ದೂ ಹಳೆಯ ನೋಟಕ್ಕಾಗಿ ಅಲ್ಲ, ಮೇಣದ ಬತ್ತಿಯ ಬೆಳಕೊಂದರಲ್ಲೇ ಚಿತ್ರ ತೆಗೆಯುವುದಕ್ಕಾಗಿ. ಹದಿನೆಂಟನೆಯ ಶತಮಾನ ತೆರೆಯ ಮೇಲೆ ಬಂದದ್ದು ಮೇಣದ ಬತ್ತಿಯಿಂದ. ಲೆನ್ಸು ಆಗಿನ ಅತ್ಯಾಧುನಿಕ ಯಂತ್ರವಾಗಿತ್ತು. ಅಜ್ಜ ಅಜ್ಜಿಯ ಚಿತ್ರದ ಹಾಗೆ ಒಂದು ಚಿತ್ರ ಬೇಕೆನ್ನುವವರಿಗೆ ನಾನು ಯಾವ ಹಳೆಯ ಲೆನ್ಸನ್ನೂ ಸೂಚಿಸುವುದಿಲ್ಲ. ಕೈಯಲ್ಲಿರುವ ಲೆನ್ಸನ್ನೇ ಎಫ್/8ಕ್ಕೆ ಇಟ್ಟು, ಒಂದೇ ದೊಡ್ಡ ಕಿಟಕಿಯ ಬೆಳಕಿನಲ್ಲಿ, ಟ್ರೈಪಾಡಿನ ಮೇಲೆ ತೆಗೆದರೆ ಅರ್ಧ ದಾರಿ ಬಂದಂತೆ.

ಹಳೆಯ ಗಾಜು ನಿಜವಾಗಿ ಕೊಡುವುದೇನು ಎಂಬ ಪ್ರಶ್ನೆಗೆ ಈಗ ಬರಬಹುದು. ಅದು ಕೊಡುವುದು ತಿದ್ದದೆ ಉಳಿದ ದೋಷಗಳನ್ನು, ಮತ್ತು ಪ್ರತಿ ದೋಷಕ್ಕೂ ಒಂದು ಚರಿತ್ರೆಯಿದೆ. 1840ರಲ್ಲಿ ವಿಯೆನ್ನಾದ ಗಣಿತಜ್ಞ ಜೋಸೆಫ್ ಪೆಟ್ಸ್‌ವಾಲ್ ರೂಪಿಸಿದ ಭಾವಚಿತ್ರದ ಲೆನ್ಸಿನಿಂದಲೇ ಶುರು ಮಾಡಬೇಕು. ಅದಕ್ಕೆ ಹಿಂದಿನ ವರ್ಷವಷ್ಟೇ ಡಗೇರೋಟೈಪ್ ಲೋಕಕ್ಕೆ ಪರಿಚಯವಾಗಿತ್ತು. ಆಗಿನ ಲೆನ್ಸುಗಳ ಮಂದತನದಿಂದಾಗಿ ಜನ ನಿಮಿಷಗಟ್ಟಲೆ ಅಲುಗದೆ ಕೂರಬೇಕಿತ್ತು. ಪೆಟ್ಸ್‌ವಾಲ್ ಲೆಕ್ಕ ಹಾಕಿ ಎಫ್/3.6ರ ಲೆನ್ಸು ಮಾಡಿದ, ಲೆಕ್ಕಕ್ಕೆ ಫಿರಂಗಿ ದಳದ ಗಣಕರ ನೆರವನ್ನೂ ಪಡೆದ. ಫಾಯ್ಗ್ಟ್‌ಲೆಂಡರ್ ಕಂಪನಿ ಅದನ್ನು ತಯಾರಿಸಿತು. ಹತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಂತು, ಆದರೆ ಅದಕ್ಕೆ ತೆತ್ತ ಬೆಲೆ ಫೋಕಸ್ಸಿನ ಸಮತಲದ ಬಾಗುವಿಕೆ. ನಡುವೆ ಅಪೂರ್ವ ಚೂಪು, ಅಂಚಿನತ್ತ ಹೋದಂತೆ ಎಲ್ಲವೂ ಕರಗಿ ಸುತ್ತುತ್ತದೆ. ಭಾವಚಿತ್ರದಲ್ಲಿ ಮುಖ ನಡುವೆಯೇ ಇರುವುದರಿಂದ ಪೆಟ್ಸ್‌ವಾಲ್ ಆ ಬೆಲೆಯನ್ನು ತಿಳಿದೇ ತೆತ್ತ. ಇದು ಅಜ್ಞಾನದ ದೋಷವಲ್ಲ, ವ್ಯವಹಾರದ ದೋಷ. ಒಂದನ್ನು ಕೊಟ್ಟು ಇನ್ನೊಂದನ್ನು ಕೊಂಡದ್ದು.

ಎರಡನೆಯ ಕಥೆ ಪ್ರತಿಫಲನದ್ದು, ನನಗೆ ಅತ್ಯಂತ ಪ್ರಿಯವಾದದ್ದೂ ಇದೇ. ಗಾಳಿ ಮತ್ತು ಗಾಜು ಸಂಧಿಸುವ ಪ್ರತಿಯೊಂದು ಮೈಯಲ್ಲೂ ಬೆಳಕಿನ ಶೇಕಡಾ 4ರಿಂದ 5ರಷ್ಟು ಹಿಂದಕ್ಕೆ ಚಿಮ್ಮುತ್ತದೆ. ಜೈಸ್‌ನ ಪಾಲ್ ರುಡಾಲ್ಫ್ 1896ರಲ್ಲಿ ಮಾಡಿದ ಪ್ಲ್ಯಾನರ್ ಲೆನ್ಸಿನಲ್ಲಿ ಅಂಥ ಎಂಟು ಮೈಗಳಿದ್ದವು. ಶೇಕಡಾ 5ರಂತೆ ಎಂಟು ಸಲ ಕಳೆದರೆ ಉಳಿಯುವುದು ಸುಮಾರು 66. ಕಳೆದುಹೋದ ಬೆಳಕು ಸುಮ್ಮನೆ ಹೋಗುವುದಿಲ್ಲ. ಅದರಲ್ಲಿ ಒಂದು ಪಾಲು ಒಳಗೊಳಗೇ ಪುಟಿದು ಫಿಲ್ಮಿನ ಮೇಲೆ ಮಬ್ಬಾಗಿ ಹರಡುತ್ತದೆ. ಪ್ಲ್ಯಾನರ್ ಕಾಗದದ ಮೇಲೆ ಎಷ್ಟೇ ಉತ್ತಮವಾಗಿದ್ದರೂ ಬೇರೂರಲಿಲ್ಲ. ಅದೇ ರುಡಾಲ್ಫ್ 1902ರಲ್ಲಿ ಆರೇ ಮೈಗಳ ಟೆಸ್ಸಾರ್ ಮಾಡಿದಾಗ ಅದು ದಶಕಗಳ ಕಾಲ ಆಳಿತು. ಲುಡ್ವಿಗ್ ಬೆರ್ಟೆಲೆ 1930ರ ದಶಕದ ಆರಂಭದಲ್ಲಿ ಕಾಂಟ್ಯಾಕ್ಸ್ ಕ್ಯಾಮೆರಾಕ್ಕಾಗಿ ಎಫ್/1.5ರ ಸೊನ್ನಾರ್ ರೂಪಿಸುವಾಗ ಏಳು ಗಾಜುಗಳನ್ನು ಮೂರು ಗುಂಪುಗಳಾಗಿ ಅಂಟಿಸಿ ಮತ್ತೆ ಆರು ಮೈಗಳಿಗೇ ನಿಲ್ಲಿಸಿದ್ದು ಈ ಕಾರಣಕ್ಕೇ. ಇಂಗ್ಲೆಂಡಿನ ಡೆನಿಸ್ ಟೇಲರ್ 1890ರ ದಶಕದಲ್ಲೇ ಒಂದು ವಿಚಿತ್ರ ಗಮನಿಸಿದ್ದ: ವಯಸ್ಸಾಗಿ ಮೈ ಮಾಸಿದ ಲೆನ್ಸು ಹೊಸದಕ್ಕಿಂತ ಹೆಚ್ಚು ಬೆಳಕು ಬಿಡುತ್ತದೆ. 1935ರಲ್ಲಿ ಜೈಸ್‌ನ ಅಲೆಕ್ಸಾಂಡರ್ ಸ್ಮಾಕುಲಾ ಆ ಮಾಸಿದ ಪದರವನ್ನು ನಿರ್ವಾತದಲ್ಲಿ ಬೇಕೆಂದೇ ಲೇಪಿಸುವ ವಿಧಾನ ಕಂಡುಹಿಡಿದ. ಪ್ರತಿ ಮೈಯ ನಷ್ಟ ಶೇಕಡಾ ಒಂದೂವರೆಯ ಆಸುಪಾಸಿಗೆ ಇಳಿದರೆ ಎಂಟು ಮೈಗಳ ಲೆನ್ಸಿನಲ್ಲೂ ಸುಮಾರು 89 ಭಾಗ ಉಳಿಯುತ್ತದೆ. ಆಗ ರುಡಾಲ್ಫನ ಹಳೆಯ ಪ್ಲ್ಯಾನರ್ ವಂಶಕ್ಕೆ ಮರುಜೀವ ಬಂತು. ಆ ವಂಶದ ಕುಡಿಯೇ ವಿಲಿ ಮೆರ್ಟೆಯ ಬಯೋಟಾರ್. ಯುದ್ಧಾನಂತರ ಬಯೋಟಾರಿನ ಸೋವಿಯತ್ ರೂಪವಾಗಿ ಬಂದದ್ದು ಹೀಲಿಯೋಸ್ 44. ಸೊನ್ನಾರಿನ ಸೋವಿಯತ್ ರೂಪಗಳು ಜುಪಿಟರ್ 3, 8, 9. 1971ರಲ್ಲಿ ಅಸಾಹಿ ಪೆಂಟಾಕ್ಸ್ ಬಹುಪದರ ಲೇಪನವನ್ನು ತಂದಮೇಲೆ ಮಬ್ಬಿನ ಸಮಸ್ಯೆ ಬಹುಮಟ್ಟಿಗೆ ಮುಗಿಯಿತು, ಅದರ ಚೆಲುವೂ ಮುಗಿಯಿತು.

ಮೂರನೆಯದು ಗೋಳೀಯ ದೋಷ. ಲೆನ್ಸಿನ ಅಂಚಿನಿಂದ ಬರುವ ಕಿರಣಗಳೂ ನಡುವಿನಿಂದ ಬರುವ ಕಿರಣಗಳೂ ಒಂದೇ ಬಿಂದುವಿನಲ್ಲಿ ಸೇರದಿರುವುದು. ತಿದ್ದುವಿಕೆ ಕಡಿಮೆಯಾಗಿದ್ದರೆ ಹಿನ್ನೆಲೆಯ ಬೆಳಕಿನ ಚುಕ್ಕೆಗಳು ಅಂಚಿನಲ್ಲಿ ಮೆಲ್ಲನೆ ಕರಗುತ್ತವೆ. ಹೆಚ್ಚಾಗಿದ್ದರೆ ಅಂಚಿಗೆ ಹೊಳೆಯುವ ಗೆರೆ ಬಂದು ಗುಳ್ಳೆಗಳಾಗುತ್ತವೆ. ಮೂರೇ ಗಾಜುಗಳ ಮೆಯರ್ ಟ್ರಯೋಪ್ಲಾನ್ 100 ಮಿಲಿಮೀಟರ್ ಎರಡನೆಯ ಬಗೆಯದು. ಸೊನ್ನಾರ್ ವಂಶದ್ದು ಮೊದಲನೆಯ ಬಗೆ. ಹೀಲಿಯೋಸಿನ ಸುಳಿಗೆ ಇನ್ನೊಂದು ಕಾರಣವೂ ಇದೆ: ಅಂಚಿಗೆ ಓರೆಯಾಗಿ ಬರುವ ಬೆಳಕನ್ನು ಲೆನ್ಸಿನ ಮುಂದಿನ, ಹಿಂದಿನ ಬಳೆಗಳು ಎರಡೂ ಕಡೆ ಕತ್ತರಿಸುವುದರಿಂದ ದುಂಡನೆಯ ಚುಕ್ಕೆಗಳು ಬೆಕ್ಕಿನ ಕಣ್ಣಿನ ಆಕಾರ ತಾಳಿ ನಡುವಿನ ಸುತ್ತ ಸಾಲುಗಟ್ಟುತ್ತವೆ. ಮುಖ ಒಂದೂವರೆ ಎರಡು ಮೀಟರ್ ದೂರದಲ್ಲಿ, ಎಲೆಗಳು ಅದರ ಹಿಂದೆ ಕೆಲವು ಮೀಟರ್ ಆಚೆ ಇದ್ದಾಗ ಅದು ಚೆನ್ನಾಗಿ ಕಾಣುತ್ತದೆ. ಸುಣ್ಣ ಹೊಡೆದ ಗೋಡೆಯ ಮುಂದೆ ನಿಲ್ಲಿಸಿದರೆ ಹೀಲಿಯೋಸಿಗೂ ಯಾವುದೇ 58 ಮಿಲಿಮೀಟರ್ ಲೆನ್ಸಿಗೂ ಗುರುತಿಸುವಂಥ ವ್ಯತ್ಯಾಸವಿಲ್ಲ. ಆದ್ದರಿಂದ ಲೆನ್ಸಿಗೆ ಮೊದಲು ನಿಮ್ಮ ಹಿನ್ನೆಲೆ ಯಾವುದು ಎಂದು ಕೇಳಿಕೊಳ್ಳಬೇಕು. ಮಲೆನಾಡಿನ ಕಾಫಿ ತೋಟದ ನೆರಳಿನಲ್ಲಿ ಓಡಾಡುವವರಿಗೆ ಹೀಲಿಯೋಸ್ ಕೊಡುವುದನ್ನು ಬಯಲುಸೀಮೆಯ ತೆರೆದ ಹೊಲದಲ್ಲಿ ನಿಂತವರಿಗೆ ಕೊಡಲಾರದು.

ಇಷ್ಟನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡಬಹುದಲ್ಲ ಎನ್ನುವುದು ಅತ್ಯಂತ ಬಲವಾದ ಆಕ್ಷೇಪ. ಇದನ್ನು ಅರ್ಧ ಒಪ್ಪುತ್ತೇನೆ, ಆ ಅರ್ಧವನ್ನು ಪೂರ್ತಿ ಮನಸ್ಸಿನಿಂದ ಒಪ್ಪುತ್ತೇನೆ. ಬಣ್ಣದ ಬೆಚ್ಚಗಿನ ಛಾಯೆ, ಕಡಿಮೆ ಕಾಂಟ್ರಾಸ್ಟು, ಮೂಲೆಗಳ ಕತ್ತಲೆ, ಇವುಗಳನ್ನು ತಂತ್ರಾಂಶ ನಿಮಿಷದಲ್ಲಿ ಕೊಡುತ್ತದೆ. ಇವಕ್ಕಾಗಿ ಹಳೆಯ ಲೆನ್ಸಿಗೆ ಹಣ ಸುರಿಯುವುದು ತಪ್ಪು ಆಯ್ಕೆ. ಸೂಪರ್ ಟಕುಮಾರ್ 50 ಮಿಲಿಮೀಟರ್ ಎಫ್/1.4ರ ನಂತರದ ಆವೃತ್ತಿಯಲ್ಲಿ ಥೋರಿಯಂ ಬೆರೆತ ಗಾಜಿದೆ; ಥೋರಿಯಂನ ವಿಕಿರಣದಿಂದಲೇ ಆ ಗಾಜು ದಶಕಗಳಲ್ಲಿ ಹಳದಿಗೆ ತಿರುಗುತ್ತದೆ. ಈ ಹಳದಿಯನ್ನೇ ‘ವಿಂಟೇಜ್ ಬಣ್ಣ’ ಎಂದು ಹೊಗಳಿ ಮಾರುವುದುಂಟು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಅದನ್ನು ಒಂದೇ ಕ್ಷಣದಲ್ಲಿ ಅಳಿಸುತ್ತದೆ, ಉಳಿಯುವುದು ಬೆಳಕಿನ ನಷ್ಟ ಮಾತ್ರ. ಅತಿನೇರಳೆ ಬೆಳಕಿನಲ್ಲಿ ಕೆಲವು ದಿನ ಇಟ್ಟರೆ ಹಳದಿ ಬಹುಪಾಲು ಹೋಗುತ್ತದೆ, ಲೆನ್ಸು ತನ್ನ ನಿಜವಾದ ಗುಣಕ್ಕೆ ಮರಳುತ್ತದೆ. ಆದರೆ ಫೋಕಸ್ಸಿನಾಚೆಯ ಆಕಾರಗಳ ಮಾತು ಬೇರೆ. ಎಲೆ ಎಷ್ಟು ದೂರದಲ್ಲಿದೆ, ಚೌಕಟ್ಟಿನ ಯಾವ ಮೂಲೆಯಲ್ಲಿದೆ, ಫೋಕಸ್ಸಿನ ಮುಂದಿದೆಯೋ ಹಿಂದಿದೆಯೋ, ಇದನ್ನೆಲ್ಲ ಆಧರಿಸಿ ಲೆನ್ಸು ಪ್ರತಿಯೊಂದು ಚುಕ್ಕೆಯನ್ನೂ ಬೇರೆ ಬೇರೆಯಾಗಿ ಬಿಡಿಸುತ್ತದೆ. ತಂತ್ರಾಂಶದ ಮುಂದಿರುವುದು ಆಗಲೇ ಚಪ್ಪಟೆಯಾದ ಚಿತ್ರ. ಆಳವನ್ನು ಊಹಿಸುವ ಉಪಾಯಗಳು ಬಂದಿವೆ, ದಿನದಿನಕ್ಕೆ ಸುಧಾರಿಸುತ್ತಲೂ ಇವೆ; ಆದರೂ ಕೂದಲ ಎಳೆಗಳ ನಡುವೆ, ಹುಲ್ಲಿನ ದಳಗಳ ನಡುವೆ ಅವುಗಳ ಊಹೆ ಎಡವುತ್ತದೆ. ಫ್ಲೇರಿನ ವಿಷಯದಲ್ಲಿ ಅಂತರ ಇನ್ನೂ ದೊಡ್ಡದು. ಚೌಕಟ್ಟಿನ ಹೊರಗಿರುವ ಸೂರ್ಯ ಲೆನ್ಸಿನ ಮುಂಗಾಜಿಗೆ ತಾಗಿದರೆ ಸಾಕು, ಹಳೆಯ ಲೆನ್ಸು ಉತ್ತರ ಕೊಡುತ್ತದೆ. ಚೌಕಟ್ಟಿನಲ್ಲಿ ಇಲ್ಲದ್ದರ ಬಗ್ಗೆ ತಂತ್ರಾಂಶಕ್ಕೆ ಏನೂ ತಿಳಿಯದು. ಇನ್ನೂ ಮುಖ್ಯವಾದದ್ದು, ಛಾಯಾಗ್ರಾಹಕ ಅದನ್ನು ವ್ಯೂಫೈಂಡರಿನಲ್ಲೇ ಕಂಡು, ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದು, ಮಬ್ಬನ್ನು ತನಗೆ ಬೇಕಾದಲ್ಲಿಗೆ ತರಬಲ್ಲ. ಚಿತ್ರ ತೆಗೆಯುವಾಗ ತೆಗೆದುಕೊಂಡ ನಿರ್ಧಾರಕ್ಕೂ ಆಮೇಲೆ ಹಚ್ಚಿದ ಬಣ್ಣಕ್ಕೂ ಇರುವ ವ್ಯತ್ಯಾಸ ಚಿತ್ರದಲ್ಲಿ ಕಾಣುತ್ತದೆ ಎಂದು ನಾನು ನಂಬಿದ್ದೇನೆ.

ಲೆನ್ಸು ರೂಪಿಸಿದವರು ಜೀವಮಾನವೆಲ್ಲ ಈ ದೋಷಗಳನ್ನು ತೊಡೆಯಲು ದುಡಿದರು, ಅವುಗಳನ್ನೇ ಮೆರೆಸುವುದು ಅವರಿಗೆ ಮಾಡುವ ಅವಮಾನವಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯಲ್ಲಿ ಗೌರವವಿದೆ, ಹಾಗಾಗಿ ಗೌರವದಿಂದಲೇ ಉತ್ತರಿಸಬೇಕು. ಚರಿತ್ರೆ ಅಷ್ಟು ಏಕಮುಖವಾಗಿಲ್ಲ. 1860ರ ದಶಕದಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮರೂನ್ ತೆಗೆದ ಮಸುಕು ಭಾವಚಿತ್ರಗಳನ್ನು ಆ ಕಾಲದ ವಿಮರ್ಶಕರು ಕೌಶಲದ ಕೊರತೆಯೆಂದು ಹಳಿದರು, ಆಕೆ ತನ್ನ ದಾರಿ ಬಿಡಲಿಲ್ಲ. 1930ರ ಸುಮಾರಿಗೆ ಹೈನ್ರಿಶ್ ಕ್ಯೂನ್ ಎಂಬ ಛಾಯಾಗ್ರಾಹಕನ ಆಸೆಯಂತೆ ಇಮಾಗಾನ್ ಎಂಬ ಲೆನ್ಸು ಹುಟ್ಟಿತು. ಗೋಳೀಯ ದೋಷವನ್ನು ಅದರಲ್ಲಿ ಬೇಕೆಂದೇ ಉಳಿಸಿ, ತೂತುಗಳಿದ್ದ ಬಿಲ್ಲೆಗಳಿಂದ ಅದರ ಪ್ರಮಾಣವನ್ನು ಹತೋಟಿಯಲ್ಲಿಡುವ ಏರ್ಪಾಡು ಮಾಡಲಾಗಿತ್ತು. ಇದಕ್ಕೆ ಎದುರಾಗಿ 1932ರಲ್ಲಿ ಕ್ಯಾಲಿಫೋರ್ನಿಯಾದ ಆನ್ಸೆಲ್ ಆಡಮ್ಸ್, ಎಡ್ವರ್ಡ್ ವೆಸ್ಟನ್ ಮೊದಲಾದವರು ಕಟ್ಟಿಕೊಂಡ ಗುಂಪು ತನ್ನ ಹೆಸರನ್ನೇ ಎಫ್/64 ಎಂದು ಇಟ್ಟುಕೊಂಡಿತು, ಎಲ್ಲವೂ ಚೂಪಾಗಿರಬೇಕು ಎಂಬ ಪಣದ ಗುರುತಾಗಿ. 1990ರ ದಶಕದ ಆರಂಭದಲ್ಲಿ ನಿಕಾನ್ ಕಂಪನಿಯೇ ಹಿನ್ನೆಲೆಯ ಮಸುಕಿನ ಗುಣವನ್ನು ಬದಲಿಸಲು ಬೇರೆ ಬಳೆಯೊಂದಿರುವ 135 ಮತ್ತು 105 ಮಿಲಿಮೀಟರ್ ಲೆನ್ಸುಗಳನ್ನು ಮಾರುಕಟ್ಟೆಗೆ ತಂದಿತು. ನೂರೈವತ್ತು ವರ್ಷಗಳಿಂದ ಈ ವಾದ ನಡೆದೇ ಇದೆ. ಹಳೆಯ ಲೆನ್ಸು ಕೊಳ್ಳುವವರು ಹೊಸದಾಗಿ ಹುಟ್ಟುಹಾಕಿದ್ದಲ್ಲ. ಲೆನ್ಸು ರೂಪಿಸಿದವರಿಗೆ ಅಗೌರವವಾಗುವುದು ಅವರ ಕೆಲಸವನ್ನು ಅರಿಯದೆ ಬಳಸಿದಾಗ. ಟೆಸ್ಸಾರನ್ನು ಸುಳಿಗಾಗಿ ಕೊಂಡು ನಿರಾಶರಾಗುವುದು, ಹೀಲಿಯೋಸನ್ನು ಅದರ ಎಫ್/5.6ರ ಉತ್ತಮ ಚೂಪಿಗಾಗಿ ಒಮ್ಮೆಯೂ ಬಳಸದಿರುವುದು ಅಂಥ ಅರಿಯದ ಬಳಕೆ.

ಹಾಗಿದ್ದರೆ ಲೆನ್ಸು ಹಳೆಯದೇ ಏಕಿರಬೇಕು ಎಂಬ ಮಾತೂ ನ್ಯಾಯವಾದದ್ದೇ. ಇರಬೇಕಾಗಿಲ್ಲ. 2013ರಲ್ಲಿ ಲೋಮೋಗ್ರಫಿ ಸಂಸ್ಥೆ ಪೆಟ್ಸ್‌ವಾಲ್ ಮಾದರಿಯ 85 ಮಿಲಿಮೀಟರ್ ಲೆನ್ಸನ್ನು ಹಿತ್ತಾಳೆಯ ಮೈಯಲ್ಲಿ ಹೊಸದಾಗಿ ಮಾಡಿಸಿತು, ಅದೂ ಹೀಲಿಯೋಸ್ ಹುಟ್ಟಿದ ಕ್ರಾಸ್ನೋಗೋರ್ಸ್ಕ್‌ನ ಕಾರ್ಖಾನೆಯ ಕೈಯಿಂದಲೇ. ಅದರ ಸುಳಿ 1840ರ ಗಾಜಿಗೆ ಏನೂ ಕಡಿಮೆಯಿಲ್ಲ. ವಯಸ್ಸಿನಿಂದ ಈ ಗುಣ ಬರುವುದಿಲ್ಲ, ವಿನ್ಯಾಸದಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಹಳೆಯದನ್ನು ಆರಿಸುವುದಕ್ಕೆ ಉಳಿಯುವ ಕಾರಣಗಳು ನೆಲದ ಮೇಲಿನವು: ಲಕ್ಷಗಟ್ಟಲೆ ತಯಾರಾದದ್ದು ಅಗ್ಗವಾಗಿ ಸಿಗುತ್ತದೆ, ಲೋಹದ ಮೈ ಬಾಳುತ್ತದೆ, ಸಾಮಾನ್ಯ ಸ್ಕ್ರೂಡ್ರೈವರಿನಿಂದ ಬಿಚ್ಚಿ ಒರೆಸಬಹುದು. ಹಳೆಯದೆಂಬ ಒಂದೇ ಕಾರಣಕ್ಕೆ ದುಬಾರಿಯಾದದ್ದನ್ನು ಬಿಟ್ಟುಬಿಡುವ ಧೈರ್ಯವೂ ಈ ತಿಳಿವಳಿಕೆಯಿಂದ ಬರುತ್ತದೆ.

ಹೊಂದಿಕೆಯ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಹೀಲಿಯೋಸಿನ ಎಂ42 ತಿರುಪಿಗೆ ಲೆನ್ಸಿನ ಬುಡದಿಂದ ಫಿಲ್ಮಿಗೆ 45.46 ಮಿಲಿಮೀಟರ್ ದೂರ ಬೇಕು. ನಿಕಾನ್‌ನ ಹಳೆಯ ಎಫ್ ಮೌಂಟಿನಲ್ಲಿ ಆ ದೂರ 46.5, ಅಂದರೆ ಜಾಗವೇ ಇಲ್ಲ. ನಡುವೆ ಇನ್ನೊಂದು ಗಾಜಿಲ್ಲದೆ ದೂರದ ಬೆಟ್ಟ ಫೋಕಸ್ ಆಗುವುದಿಲ್ಲ. ಕನ್ನಡಿಯಿಲ್ಲದ ಕ್ಯಾಮೆರಾಗಳು 2008ರಿಂದ ಬಂದಮೇಲೆ ಈ ತೊಡಕು ಕರಗಿತು. ಸೋನಿಯ ಇ ಮೌಂಟಿಗೆ 18, ನಿಕಾನ್ ಜೆಡ್‌ಗೆ 16 ಮಿಲಿಮೀಟರ್ ಸಾಕು, ಉಳಿದ ಅಂತರವನ್ನು ಒಂದು ಟೊಳ್ಳು ಬಳೆ ತುಂಬುತ್ತದೆ. ಗಮನಿಸಬೇಕಾದದ್ದು ಸೆನ್ಸರಿನ ಅಳತೆ. ಸುಳಿ ಇರುವುದು ಅಂಚಿನಲ್ಲಿ. ಎಪಿಎಸ್-ಸಿ ಸೆನ್ಸರ್ ಅಂಚನ್ನೇ ಕತ್ತರಿಸಿ ಎಸೆಯುತ್ತದೆ. ಸಣ್ಣ ಸೆನ್ಸರಿನ ಕ್ಯಾಮೆರಾ ಇರುವವರಿಗೆ ಹೀಲಿಯೋಸಿಗಿಂತ ಟ್ರಯೋಪ್ಲಾನ್, ಸೊನ್ನಾರ್ ವಂಶಗಳೇ ವಾಸಿ, ಏಕೆಂದರೆ ಗೋಳೀಯ ದೋಷ ಚೌಕಟ್ಟಿನ ನಡುವೆಯೂ ಇರುತ್ತದೆ. ಸೊನ್ನಾರ್ ವಂಶದವರನ್ನು ಬಳಸುವಾಗ ಒಂದು ಎಚ್ಚರ: ಅಪರ್ಚರ್ ಮುಚ್ಚಿದಂತೆ ಫೋಕಸ್ ಹಿಂದಕ್ಕೆ ಸರಿಯುತ್ತದೆ. ಚಿತ್ರ ತೆಗೆಯುವ ಅಪರ್ಚರಿನಲ್ಲೇ ಫೋಕಸ್ ಮಾಡಬೇಕು.

ಇನ್ನು ಲೆನ್ಸಿನ ಆರೋಗ್ಯ. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಮನೆಗಳಲ್ಲಿ ಚರ್ಮದ ಚೀಲದೊಳಗೆ ಮಲಗಿದ್ದ ಲೆನ್ಸಿಗೆ ಫಂಗಸ್ ಹಿಡಿಯುವುದು ಬಹುತೇಕ ಖಚಿತ. ಜೇಡರ ಬಲೆಯಂತೆ ಕವಲೊಡೆಯುವ ಆ ಬೂಸ್ಟು ಮೇಲ್ನೋಟದ ಕೊಳೆಯಲ್ಲ. ಅದು ಸ್ರವಿಸುವ ಆಮ್ಲ ಲೇಪನವನ್ನೂ ಕಡೆಗೆ ಗಾಜನ್ನೂ ಕೊರೆಯುತ್ತದೆ. ಫಂಗಸ್ ಮತ್ತು ಒಳಮಬ್ಬು ಕೊಡುವ ಮೃದುತ್ವವನ್ನೇ ವಿಂಟೇಜ್ ಗುಣವೆಂದು ಸಮರ್ಥಿಸುವವರ ಜೊತೆ ನನ್ನ ಭಿನ್ನಾಭಿಪ್ರಾಯ ಪೂರ್ಣವಾದದ್ದು. ಪೆಟ್ಸ್‌ವಾಲನ ಬಾಗಿದ ಸಮತಲ, ಬೆರ್ಟೆಲೆಯ ಆರು ಮೈಗಳು ಒಬ್ಬ ಮನುಷ್ಯ ತೂಗಿ ನೋಡಿ ಮಾಡಿದ ಆಯ್ಕೆಗಳು. ಬೂಸ್ಟು ಆ ಆಯ್ಕೆಗಳ ಮೇಲೆ ಮುಚ್ಚಿದ ಪರದೆ, ಎಲ್ಲ ಲೆನ್ಸುಗಳನ್ನೂ ಒಂದೇ ರೀತಿ ಕೆಡಿಸುತ್ತದೆ. ಕೊಳ್ಳುವ ಮೊದಲು ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಹಾಯಿಸಿ, ಓರೆಯಾಗಿ ನೋಡಬೇಕು. ಒಂದೆರಡು ಧೂಳಿನ ಕಣ, ಮುಂಗಾಜಿನ ಮೇಲೊಂದು ಸಣ್ಣ ಗೀರು ಚಿತ್ರದಲ್ಲಿ ಕಾಣುವುದಿಲ್ಲ, ಅವಕ್ಕಾಗಿ ಬೆಲೆ ಇಳಿಸಿ ಕೇಳಬಹುದು. ನಡುವಿನ ಗಾಜುಗಳ ಮೇಲಿನ ಮಂಜು, ಅಂಟು ಬಿಟ್ಟ ಜೋಡಿಗಾಜಿನ ಕಾಮನಬಿಲ್ಲಿನ ಕಲೆ, ಕೊರೆದ ಲೇಪನ ಕಂಡರೆ ಎಷ್ಟೇ ಅಗ್ಗವಾದರೂ ಬೇಡ. ಅಪರ್ಚರ್ ಎಲೆಗಳ ಮೇಲಿನ ಎಣ್ಣೆ ಹೀಲಿಯೋಸಿನಲ್ಲಿ ಗಾಬರಿಯ ಸಂಗತಿಯಲ್ಲ. 44-2ರ ಎಂಟು ಎಲೆಗಳು ಕೈಯಿಂದಲೇ ತಿರುಗುವಂಥವು, ಸ್ಪ್ರಿಂಗಿನ ವೇಗ ಅವಕ್ಕೆ ಬೇಕಿಲ್ಲ. ಕೊಂಡ ಮೇಲೆ ಚರ್ಮದ ಚೀಲವನ್ನು ಬೇರೆಡೆ ಇಟ್ಟು, ಲೆನ್ಸನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ, ತೇವಾಂಶ 40ರಿಂದ 50ರ ನಡುವೆ ಇರುವಂತೆ ನೋಡಿಕೊಳ್ಳಬೇಕು. ಜೆಲ್ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಬೇಕು. ಮಳೆಗಾಲದಲ್ಲೂ ಲೆನ್ಸನ್ನು ಆಗಾಗ ಹೊರತೆಗೆದು ಬೆಳಕಿಗೆ ಹಿಡಿದು ಬಳಸುತ್ತಿರುವುದು ಇನ್ನೂ ಒಳ್ಳೆಯದು, ಏಕೆಂದರೆ ಮೋಡದ ಆ ಮಂದ, ಸಮನಾದ ಬೆಳಕಿನಲ್ಲಿ ಒಂದೇ ಪದರ ಲೇಪನದ ಸೊನ್ನಾರ್ ವಂಶದ ಜುಪಿಟರ್ 9 ಮುಖಗಳನ್ನು ಬಿಡಿಸುವ ಬಗೆ ಬಿಸಿಲಿನಲ್ಲಿ ಎಂದಿಗೂ ಸಿಗದು, ಮತ್ತು ಅದಕ್ಕೆ 2000ನೆಯ ಒಂದು ಭಾಗದ ಷಟರ್ ಕೂಡ ಬೇಕಾಗುವುದಿಲ್ಲ.